ಬೈಗುಳ ಬಿದ್ದ ಜಾಗದಲ್ಲಿ ಒಂದು ಗೆರೆ

"ನೆಲ ಒರೆಸೋಕೆ ಬಂದವನ ಕೈಗೆ ಮೆಷಿನ್ ಕೊಟ್ಟಿದ್ದೇ ತಪ್ಪು! ಈಗ ಇವನು ಎದೆ ಓದ್ತಾನಂತೆ, ಎದೆ! ನಿಧಾನಣ್ಣನಂತೆ! ಮೈಗಳ್ಳತನಕ್ಕೆ ಎಷ್ಟು ಚೆಂದದ ಹೆಸರಿಟ್ಟಿದ್ದೀರಯ್ಯ!"

ಬೆಳಿಗ್ಗೆ ಏಳೂ ನಲವತ್ತು. ನಾಲ್ಕನೆಯ ಮಹಡಿಯ ಇಸಿಜಿ ಕೋಣೆಯ ಬಾಗಿಲು ಗೋಡೆಗೆ ಬಡಿಯುವಂತೆ ತೆರೆದುಕೊಂಡಿದೆ. ಹೊಸ್ತಿಲ ಮೇಲೆ ನಿಂತು ಹೀಗೆ ಕೂಗುತ್ತಿರುವವರು ಈ ತಪಾಸಣಾ ಕೇಂದ್ರದ ದೊಡ್ಡ ಡಾಕ್ಟರು. ಅವರ ಬೆನ್ನ ಹಿಂದೆ ಮೆಟ್ಟಿಲುಗಳ ಮೇಲೆ ಹದಿನೇಳು ಜನ ಕೂತಿದ್ದಾರೆ. ಬಸ್ಸಿನವರು, ಲಾರಿಯವರು, ಲಿಫ್ಟ್ ರಿಪೇರಿಯವರು, ಕಾರ್ಖಾನೆಯಲ್ಲಿ ಬಾಯ್ಲರ್ ಕಾಯುವವರು. ವರ್ಷಕ್ಕೊಮ್ಮೆ ಇಲ್ಲಿ 'ಫಿಟ್' ಎಂಬ ಮುದ್ರೆ ಬೀಳದಿದ್ದರೆ ಇವರ್ಯಾರೂ ಮರುದಿನ ಕೆಲಸದ ಗೇಟು ದಾಟುವ ಹಾಗಿಲ್ಲ. ಹಾಗಾಗಿ ಎಲ್ಲರೂ ಕೈಯಲ್ಲಿದ್ದ ಫಾರಮ್ಮಿನ ಕಡೆ ನೋಡುತ್ತಾರೆ.

ಬೈಸಿಕೊಂಡವರನ್ನು ಇಲ್ಲಿ ಎಲ್ಲರೂ ಕರೆಯುವುದೇ ನಿಧಾನಣ್ಣ ಎಂದು. ಐವತ್ತರ ಆಸುಪಾಸಿನ, ಸಣಕಲು ಮೈಯ, ಅಂಗಿಯ ಜೇಬಿನಲ್ಲಿ ಸದಾ ಒಂದು ಮೋಟು ಪೆನ್ಸಿಲ್ ಇಟ್ಟುಕೊಳ್ಳುವ ಅವರು ಮೆಷಿನ್ ಪಕ್ಕ ನಿಂತಿದ್ದಾರೆ. ಪರದೆಯ ಆಚೆ ಮಂಚದ ಮೇಲೆ ಒಬ್ಬ ಹೆಣ್ಣುಮಗಳು ಮಲಗಿದ್ದಾಳೆ. ಕೈಕಾಲಿಗೆ ಕ್ಲಿಪ್ಪು, ಎದೆಗೆ ವೈರು. ಮೆಷಿನ್ ಓಡುತ್ತಲೇ ಇದೆ, ಚೌಕುಳಿ ಹಾಳೆ ಕರಕರ ಎನ್ನುತ್ತಾ ಹೊರಗೆ ಬರುತ್ತಿದೆ. ನಿಧಾನಣ್ಣ ಆಕೆ ಫಾರಮ್ಮು ತುಂಬಿ ಮೇಜಿನ ಮೇಲಿಟ್ಟಿದ್ದ ಪೆನ್ನನ್ನು ಎತ್ತಿಕೊಂಡು, ಓಡುವ ಹಾಳೆಯ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆಯುತ್ತಾರೆ. ಅಂಚಿನಲ್ಲಿ ಏನೋ ಬರೆಯುತ್ತಾರೆ.

ದೊಡ್ಡ ಡಾಕ್ಟರು ಒಳಗೆ ಬರುತ್ತಾರೆ. ಹಾಳೆಯ ತುದಿ ಹಿಡಿದು ಎಣಿಸುತ್ತಾರೆ, ತುದಿಯನ್ನು ಮಾತ್ರ. ಫಾರಮ್ಮಿನ ಮೇಲೆ '124. ಅನ್‌ಫಿಟ್' ಎಂದು ಗೀಚಿ, ಸಹಿ ಹಾಕಿ, ಲಿಫ್ಟಿನ ಕಡೆ ನಡೆಯುತ್ತಾರೆ. ಆ ಲಿಫ್ಟಿನ ಮೇಲೊಂದು ಬೋರ್ಡಿದೆ: 'ವೈದ್ಯರಿಗೆ ಮತ್ತು ಸಿಬ್ಬಂದಿಗೆ ಮಾತ್ರ.'

ಒಂದು ಮನುಷ್ಯಜೀವದ ಕೆಲಸ ಕಿತ್ತುಕೊಳ್ಳಲು ಇಷ್ಟೇ ಹೊತ್ತು ಸಾಕು ಎಂಬುದನ್ನು ನಾನು ಅವತ್ತು ಮೆಟ್ಟಿಲ ಮೇಲೆ ಕೂತು ನೋಡಿದೆ. ನಾನೂ ಲಾರಿಯ ಸರ್ಟಿಫಿಕೇಟಿಗೆ ಹೋದವನೇ. ನನ್ನ ಕೆಲಸ ಮುಗಿದ ಮೇಲೂ ಆ ವಾರ ಇನ್ನೆರಡು ಸಲ ಹೋದೆ. ಮೆಷಿನ್ ಪಕ್ಕದ ಆ ಮನುಷ್ಯನ ಬಗ್ಗೆ ನಾಲ್ಕು ಸಾಲು ಬರೆಯದಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ ಅನ್ನಿಸಿತು.

ನಿಧಾನಣ್ಣ ಬೆಳಗಿನ ಐದೂ ಮುಕ್ಕಾಲಿಗೆ ಬರುತ್ತಾರೆ. ಕೇಂದ್ರ ತೆರೆಯುವುದು ಏಳಕ್ಕೆ. ಆ ಒಂದೂಕಾಲು ಗಂಟೆ ಯಾರ ಹಾಜರಿ ಪುಸ್ತಕದಲ್ಲೂ ಇಲ್ಲ. ಮನೆಯಿಂದ ತಂದ ಫ್ಲಾಸ್ಕಿನ ಬಿಸಿನೀರನ್ನು ತಟ್ಟೆಗೆ ಸುರಿದು, ಕೈಕಾಲಿಗೆ ಹಾಕುವ ಲೋಹದ ಕ್ಲಿಪ್ಪುಗಳನ್ನು ಅದರಲ್ಲಿ ಮುಳುಗಿಸುತ್ತಾರೆ. ಎದೆಗೆ ಹಚ್ಚುವ ಜೆಲ್ಲಿನ ಟ್ಯೂಬನ್ನು ಕಂಕುಳಲ್ಲಿ ಅವುಚಿಕೊಂಡು ಕೋಣೆ ಗುಡಿಸುತ್ತಾರೆ.

"ತಣ್ಣಗಿರೋ ಲೋಹ ತಾಗಿದ್ರೆ ಮೈ ಜುಂ ಅನ್ನುತ್ತೆ. ಎದೆ ಬೆಚ್ಚಿಬೀಳುತ್ತೆ. ಬೆಚ್ಚಿದ ಎದೆ ಅಳೆದು ಏನ್ ಮಾಡ್ತೀರಿ?" ಅನ್ನುತ್ತಾರೆ. "ನಮ್ಮನೆಯವಳು ನಗ್ತಾಳೆ. ನಂಗೆ ಕಾಫಿ ಆರಿದ್ರೂ ಪರವಾಗಿಲ್ಲ, ಆ ಕ್ಲಿಪ್ಪಿಗೆ ಮಾತ್ರ ಬಿಸಿನೀರು ಅಂತ."

ಆರೂಕಾಲಿಗೆ ಕೆಳಗಿಳಿದು ಗೇಟಿನ ಬಳಿ ನಿಲ್ಲುತ್ತಾರೆ. ಬಂದವರಿಗೆಲ್ಲ ಒಂದೇ ಮಾತು: "ಎಂಬತ್ತನಾಲ್ಕು ಮೆಟ್ಟಿಲಿದೆ. ಓಡಬೇಡಿ. ತಿರುವಿಗೊಂದು ಸಲ ನಿಂತ್ಕೊಂಡು ಹತ್ತಿ. ಮೇಲೆ ಹೋಗಿ ಮೆಟ್ಟಿಲ ಮೇಲೇ ಕೂತಿರಿ, ನಾನೇ ಕರೀತೀನಿ." ಅವರೂ ಸಿಬ್ಬಂದಿಯೇ, ಲಿಫ್ಟ್ ಹತ್ತಬಹುದು. ಹತ್ತುವುದಿಲ್ಲ. ಯಾಕೆ ಎಂದರೆ, "ನಾನು ಲಿಫ್ಟಲ್ಲಿ ಭರ್ರಂತ ಹೋಗಿ, ನೀವು ನಿಧಾನ ಹತ್ತಿ ಅಂದ್ರೆ ಆ ಮಾತಿಗೆ ಮರ್ಯಾದೆ ಇರುತ್ತಾ?" ಎಂದು ನನ್ನನ್ನೇ ಕೇಳುತ್ತಾರೆ.

ಹೋದ ತಿಂಗಳವರೆಗೆ ಮೆಟ್ಟಿಲ ಮೇಲೆ ಕೂರುವ ಗತಿ ಇರಲಿಲ್ಲ. ಇಸಿಜಿ ಕೋಣೆಯ ಮುಂದೆ ಒಂದು ಮರದ ಬೆಂಚಿತ್ತು. ಐದು ಜನ ಹಿಡಿಯುವ ಹಳೇ ಬೆಂಚು, ಒಂದು ಕಾಲಿಗೆ ರಟ್ಟಿನ ಮಡಿಕೆ ಕೊಟ್ಟದ್ದು. ಬಂದವರು ಅದರ ಮೇಲೆ ಹತ್ತು ನಿಮಿಷ ಕೂರಬೇಕು, ಆಮೇಲೇ ಮಂಚ. ಇದು ನಿಧಾನಣ್ಣನ ನಿಯಮ, ಇಪ್ಪತ್ತೆರಡು ವರ್ಷದ್ದು. ಹೋದ ತಿಂಗಳು ಬಂದ ಹೊಸ ನಿಯಮ ದೊಡ್ಡ ಡಾಕ್ಟರದ್ದು: ತಲೆಗೆ ಮೂರು ನಿಮಿಷ, ದಿನಕ್ಕೆ ಕನಿಷ್ಠ ಅರವತ್ತು ತಲೆ. "ಇದೇನು ಬಸ್‌ ಸ್ಟ್ಯಾಂಡಾ?" ಎಂದು ಕೇಳಿ ಬೆಂಚನ್ನು ಕೆಳಗಿನ ಸ್ಟೋರಿಗೆ ಹಾಕಿಸಿದರು. ಕೀಲಿ ತಮ್ಮ ಮೇಜಿನ ಒಳಗೆ.

ಲೆಕ್ಕ ಕೇಳಿ. ಎದೆಬಡಿತ ನೂರು ದಾಟಿದರೆ ಅನ್‌ಫಿಟ್. ಬೆಂಚಿದ್ದಾಗ ವಾರಕ್ಕೆ ಮೂರೋ ನಾಲ್ಕೋ ಮಂದಿಯ ಎದೆಬಡಿತ ನೂರು ದಾಟುತ್ತಿತ್ತು. ಬೆಂಚು ಹೋದ ಮೊದಲ ವಾರ ದಾಟಿದವರು ಮೂವತ್ತೊಂದು. ಒಂದೇ ವಾರದಲ್ಲಿ ಊರಿನ ದುಡಿಯುವವರ ಎದೆಗೆಲ್ಲ ರೋಗ ಬಡಿಯಿತೇ? ಮೂರು ಮಹಡಿ ಏರಿಸಿ, ನಾಲ್ಕನೆಯದಕ್ಕೂ ಹತ್ತಿಸಿ, ಏದುಸಿರಿನಲ್ಲೇ ಮಲಗಿಸಿ, ಕ್ಲಿಪ್ಪು ಸಿಕ್ಕಿಸಿ, ಪಕ್ಕದಲ್ಲಿ ಗಡಿಯಾರ ಹಿಡಿದು ಒಬ್ಬರು ನಿಂತರೆ ಕಲ್ಲಿಗೂ ಎದೆ ಹೊಡೆದುಕೊಂಡೀತು. ಅದನ್ನೇ ಹಾಳೆಯ ಮೇಲೆ ಬರೆಸಿ, 'ನಿನ್ನ ಹೃದಯ ಸರಿಯಿಲ್ಲ, ಮನೆಗೆ ಹೋಗು' ಅನ್ನುತ್ತಾರೆ.

ಅದಕ್ಕೇ ನಿಧಾನಣ್ಣ ಮೆಟ್ಟಿಲನ್ನೇ ಬೆಂಚು ಮಾಡಿಕೊಂಡರು. ಅದೇ ಅವರ ಅಪರಾಧ. ಅವತ್ತಿನ ಬೈಗುಳಕ್ಕೆ ಅದೇ ಕಾರಣ.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವರ ಜೊತೆ ಕೂತೆ. ಏಳನೆಯ ಕ್ಲಾಸಿಗೆ ಪುಸ್ತಕ ಮುಚ್ಚಿದವನಿಗೆ ತಿಳಿಯುವ ಹಾಗೆ ಹೇಳಿ ಅಂದೆ. "ನಾನು ಆರನೇದಕ್ಕೇ ಮುಚ್ಚಿದ್ದು, ನೀವೇ ಹೆಚ್ಚು ಓದಿದ್ದೀರಿ" ಎಂದು ನಕ್ಕು, ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸಿದರು.

"ಹೃದಯ ಯಾರ ಅಪ್ಪಣೆಗೂ ಕಾಯಲ್ಲ. ತನ್ನಷ್ಟಕ್ಕೆ ಬಿಟ್ರೆ ನಿಮಿಷಕ್ಕೆ ನೂರರ ಹತ್ತಿರ ಬಡ್ಕೊಳ್ಳುತ್ತೆ. ಮತ್ತೆ ಸುಮ್ನೆ ಕೂತಾಗ ನಮ್ಗೆ ಎಪ್ಪತ್ತೇ ಯಾಕಿರುತ್ತೆ? ಮಿದುಳಿನ ಬುಡದಿಂದ ಒಂದು ನರ ಕುತ್ತಿಗೆ ಹಾದು ಕೆಳಗಿಳಿಯುತ್ತೆ. ಅದು ಹಗಲೂ ರಾತ್ರಿ ಹೃದಯದ ಹೆಗಲ ಮೇಲೆ ಕೈ ಇಟ್ಕೊಂಡು 'ನಿಧಾನ, ನಿಧಾನ' ಅಂತಿರುತ್ತೆ. ವೇಗಸ್ ಅಂತಾರೆ. ಹೆಸರಲ್ಲಿ ವೇಗ, ಮಾಡೋದು ಬ್ರೇಕ್ ಕೆಲಸ! ಇನ್ನೊಂದು ಥರದ ನರ ಬೆನ್ನುಹುರಿಯಿಂದ ಬರುತ್ತೆ. ಅದು ಓಡಿಸೋದು. ನಾಯಿ ಅಟ್ಟಿಸ್ಕೊಂಡು ಬಂದಾಗ, ಮೆಟ್ಟಿಲು ಹತ್ತುವಾಗ, ಸಾಹೇಬರು ಬಂದಾಗ."

ಬೆದರಿದಾಗ ಏನಾಗುತ್ತದೆ ಎಂದೆ. "ಮೊದಲು ಬ್ರೇಕ್ ಬಿಟ್ಟು ಹೋಗುತ್ತೆ. ಅದಕ್ಕೆ ಒಂದೆರಡು ಬಡಿತ ಸಾಕು. ಓಡಿಸೋ ನರ ಕೆಲವು ಸೆಕೆಂಡು ತಡವಾಗಿ ಜೋರು ಹಿಡಿಯುತ್ತೆ. ಅಷ್ಟರಲ್ಲಿ ಮೂತ್ರಪಿಂಡದ ನೆತ್ತಿ ಮೇಲಿರೋ ಗ್ರಂಥಿ ತನ್ನ ರಸಾನ ರಕ್ತಕ್ಕೆ ಬಿಟ್ಟಿರುತ್ತೆ. ಆಮೇಲೆ ಬೈದವರು ಮನೆಗೆ ಹೋಗಿ ಮಲಗಿದ್ರೂ ಬೈಸ್ಕೊಂಡವರ ಎದೆ ಹೊಡ್ಕೋತಾನೇ ಇರುತ್ತೆ. ಅದು ಇಳಿಯೋಕೇ ನಾನು ಹತ್ತು ನಿಮಿಷ ಕೇಳೋದು. ಬೇರೇನಿಲ್ಲ."

ಇದನ್ನೆಲ್ಲ ಅವರಿಗೆ ಕಲಿಸಿದವರು ಈಗ ನಿವೃತ್ತರಾಗಿರುವ ಒಬ್ಬ ಹಿರಿಯ ನರ್ಸು. ನಿಧಾನಣ್ಣ ಇಲ್ಲಿಗೆ ಸೇರಿದ್ದು ನೆಲ ಒರೆಸಲಿಕ್ಕೇ, ಅದನ್ನವರು ಮುಚ್ಚಿಡುವುದಿಲ್ಲ. ಒಂದು ದಿನ ಕೈ ಕಡಿಮೆಯಾಗಿ, ನಾಡಿ ಎಣಿಸಲು ನರ್ಸಮ್ಮ ಇವರನ್ನು ಕರೆದರು. ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಯಾರೋ ಕುತ್ತಿಗೆಯಲ್ಲಿ ನೋಡುವುದನ್ನು ಕಂಡಿದ್ದರಲ್ಲ, ವಯಸ್ಸಾದ ಒಬ್ಬ ಕಾವಲುಗಾರನ ಕುತ್ತಿಗೆಯನ್ನು ಎರಡೂ ಕಡೆಯಿಂದ, ಎರಡೂ ಕೈಯಿಂದ ಒತ್ತಿಹಿಡಿದರು. ಮುದುಕ ಕಣ್ಣು ಮೇಲೆ ಮಾಡಿ ಕುರ್ಚಿಯಿಂದ ಜಾರಿಬಿದ್ದ.

"ನಾನು ಕೊಲೆ ಮಾಡ್ಬಿಟ್ಟೆ ಅಂತ ಬಾಗಿಲ ತನಕ ಓಡಿದ್ದೆ. ನರ್ಸಮ್ಮ ಕಾಲರ್ ಹಿಡಿದು ವಾಪಸ್ ಎಳೆದ್ರು. 'ಅದು ಕುತ್ತಿಗೆ ಕಣೋ, ಸೈಕಲ್ ಹಾರ್ನ್ ಅಲ್ಲ!' ಅಂದ್ರು. ಅಷ್ಟರಲ್ಲಿ ತಾತ ಎದ್ದು ಕೂತು ನೀರು ಕೇಳ್ತಿದ್ದ."

ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ರಕ್ತದ ಒತ್ತಡ ನೋಡಿಕೊಳ್ಳುವ ಕಾವಲು ಇದೆಯಂತೆ. ಹೊರಗಿನಿಂದ ಒತ್ತಿದರೆ ಅದು ಮೋಸಹೋಗುತ್ತದೆ. 'ಒತ್ತಡ ಏರಿತು' ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಮಿದುಳು ಬ್ರೇಕಿನ ನರವನ್ನು ಒಮ್ಮೆಲೇ ಎಳೆದುಬಿಡುತ್ತದೆ. ಅವತ್ತಿನಿಂದ ಇವತ್ತಿನವರೆಗೆ ನಿಧಾನಣ್ಣ ಯಾರ ಕುತ್ತಿಗೆಯನ್ನೂ ಮುಟ್ಟಿಲ್ಲ. ಅವತ್ತಿನಿಂದಲೇ ಮುಟ್ಟುವ ಮೊದಲು ಕೇಳುವುದು, ಕೂರಿಸುವುದು, ಕಾಯುವುದು ಶುರುವಾಯಿತು. ಆ ತಪ್ಪನ್ನು ಹೇಳುವಾಗ ಈಗಲೂ ಅವರ ಕಿವಿ ಕೆಂಪಾಗುತ್ತದೆ. ತಮ್ಮ ತಪ್ಪಿಗೆ ಕಿವಿ ಕೆಂಪಾದ ದೊಡ್ಡವರನ್ನು ನಾನಂತೂ ಈ ಕಟ್ಟಡದಲ್ಲಿ ಬೇರೆ ಕಾಣಲಿಲ್ಲ.

ಹಾಗಂತ ಅವರು ಸಿಕ್ಕವರನ್ನೆಲ್ಲ ಪಾಸು ಮಾಡಿಸುವ ಪುಣ್ಯಾತ್ಮರೂ ಅಲ್ಲ. ನಾಲ್ಕು ವರ್ಷದ ಹಿಂದೆ ಒಬ್ಬ ಬಸ್ಸಿನ ಡ್ರೈವರು ಬೆಂಚಿನ ಮೇಲೆ ಹತ್ತು ನಿಮಿಷ ಕೂತ, ಇಪ್ಪತ್ತು ನಿಮಿಷ ಕೂತ. ನಾಡಿ ನೂರೈವತ್ತು. ಉಸಿರು ಎಳೆದುಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. "ಹೆದರಿದ ಹೃದಯ ಕೂತ್ರೆ ಇಳಿಯುತ್ತೆ. ಉಸಿರು ಬಿಟ್ಟಾಗ ಒಂಚೂರಾದ್ರೂ ತಗ್ಗುತ್ತೆ. ಇದು ನರದ ಮಾತೇ ಕೇಳ್ತಿಲ್ಲ ಅಂದ್ರೆ ಹೃದಯದೊಳಗೇ ಏನೋ ಕೆಟ್ಟಿದೆ ಅಂತ." ಹಾಳೆ ಹಿಡಿದುಕೊಂಡು ಪಕ್ಕದ ಆಸ್ಪತ್ರೆಗೆ ಅವನನ್ನು ತಾವೇ ಕರೆದೊಯ್ದರು. ಆ ಡ್ರೈವರು ಈಗ ಡಿಪೋದಲ್ಲಿ ಟಿಕೆಟ್ ವಿಭಾಗದಲ್ಲಿದ್ದಾನೆ, ಬದುಕಿದ್ದಾನೆ. ಹೆದರಿಕೆ ಯಾವುದು, ರೋಗ ಯಾವುದು ಎಂದು ಬೇರೆ ಮಾಡಿ ತೋರಿಸುತ್ತಿದ್ದದ್ದು ಆ ಕುಂಟು ಬೆಂಚು. ಅದನ್ನೇ ಕೀಲಿ ಹಾಕಿ ಇಟ್ಟಿದ್ದಾರೆ.

ನನಗೆ ಗೊತ್ತಿಲ್ಲದವರ ಮೇಲೆ ಸಿಟ್ಟು ಬರುವುದಿಲ್ಲ. ದೊಡ್ಡ ಡಾಕ್ಟರಿಗೆ ಇದೆಲ್ಲ ಗೊತ್ತು. ಈ ನರಗಳ ಪಾಠ ಓದಿ, ಪರೀಕ್ಷೆ ಬರೆದು, ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಕೊಂಡವರು ಅವರು. ತಮ್ಮ ಧ್ವನಿ ಏರಿದರೆ ಮಂಚದ ಮೇಲಿರುವವಳ ಎದೆ ಏನಾಗುತ್ತದೆಂದು ನಿಧಾನಣ್ಣನಿಗಿಂತ ಚೆನ್ನಾಗಿ ಬಲ್ಲರು. ಗೊತ್ತಿದ್ದೂ ಬಾಗಿಲು ಒದ್ದರಲ್ಲ, ಅದಕ್ಕೆ ಏನನ್ನಬೇಕು?

ಮಂಚದ ಮೇಲಿದ್ದವಳ ವಿಷಯ ಹೇಳಲೇಬೇಕು. ಆಕೆ ಟವರ್ ಕ್ರೇನ್ ಓಡಿಸುತ್ತಾಳೆ. ಎತ್ತರದ ಕಟ್ಟಡ ಕಟ್ಟುವಲ್ಲಿ ಆಕಾಶಕ್ಕೆ ತೋಳು ಚಾಚಿ ನಿಂತಿರುತ್ತದಲ್ಲ, ಅದು. ಅರವತ್ತು ಮೀಟರ್ ಏಣಿ ಹತ್ತಿ, ಒಬ್ಬಳೇ ಗಾಜಿನ ಗೂಡಿನಲ್ಲಿ ಕೂತು, ಕೆಳಗಿನವರ ತಲೆಯ ಮೇಲೆ ಟನ್ನುಗಟ್ಟಲೆ ಕಬ್ಬಿಣ ತಿರುಗಿಸುತ್ತಾಳೆ. ಒಂಬತ್ತು ವರ್ಷದಲ್ಲಿ ಒಂದು ಮೊಳೆಯನ್ನೂ ಬೀಳಿಸಿಲ್ಲ.

"ಅಲ್ಲಿ ಗಾಳಿಗೆ ಗೂಡೇ ತೂಗಾಡುತ್ತೆ. ನಂಗೇನೂ ಆಗಲ್ಲ, ಹಾಡು ಗುನುಗ್ತಾ ಇರ್ತೀನಿ," ಎಂದಳು ಗೇಟಿನ ಬಳಿ, ಕಣ್ಣು ಒರೆಸಿಕೊಂಡು. "ಈ ಕೋಣೆ ಬಾಗಿಲು ಕಂಡ್ರೆ ಮಾತ್ರ ಎದೆ ಬಾಯಿಗೆ ಬರುತ್ತೆ. ಈ ವರ್ಷ ಮೊದಲನೇ ಸಲ ಬಂದಾಗ ಅಣ್ಣ ರಜ ಇದ್ರು, ನೂರ ಹದಿನೆಂಟು. ಎರಡನೇ ಸಲ ಸಾಹೇಬರು ವಾಚ್ ಹಿಡ್ಕೊಂಡು ನಿಂತಿದ್ರು, ನೂರ ಇಪ್ಪತ್ತಾರು. ಇದು ಮೂರನೇದು."

ಮೂರನೆಯ ಸಲವೂ ನೂರು ದಾಟಿದರೆ ಕಡತ ಮೇಲಿನ ಕಚೇರಿಯ ಡಾಕ್ಟರಿಗೆ ಹೋಗುತ್ತದೆ. ಅವರೂ ಒಪ್ಪಿದರೆ ಕ್ರೇನಿನ ಕೀಲಿ ಬೇರೆಯವರ ಕೈಗೆ. ಆಕೆ ಮತ್ತೆ ಕೆಳಗೆ, ಇಟ್ಟಿಗೆ ಹೊರಲಿಕ್ಕೆ. ಒಂಬತ್ತು ವರ್ಷದ ಹಿಂದೆ ಆಕೆ ಹೊರುತ್ತಿದ್ದದ್ದು ಅದನ್ನೇ.

ಇನ್ನು ಆ ಗೆರೆ. ಬೇರೆಯವರು ಹತ್ತು ಸೆಕೆಂಡು ಓಡಿಸಿ ಕತ್ತರಿಸಿಬಿಡುವ ಹಾಳೆಯನ್ನು ನಿಧಾನಣ್ಣ ಪೂರಾ ಒಂದು ನಿಮಿಷ ಓಡಿಸುತ್ತಾರೆ. ತಲೆಗೆ ಒಂದೂವರೆ ಮೀಟರು. 'ಕಾಗದ ಪೋಲು' ಎಂದು ಎರಡು ಸಲ ಮೆಮೊ ಕೊಟ್ಟಿದ್ದಾರೆ. ಓಡುವಾಗ ಏನಾದರೂ ಆದರೆ ಆ ಜಾಗದಲ್ಲೇ ಪೆನ್ಸಿಲಿನಿಂದ ಗೆರೆ ಎಳೆದು ಅಂಚಿನಲ್ಲಿ ಬರೆಯುವುದು ಅವರ ರೂಢಿ. 'ಕೆಮ್ಮಿದರು.' 'ಫೋನ್ ಬಂತು.' 'ಮಗಳ ವಿಷಯ ಹೇಳಿ ಅತ್ತರು.' ಓದುವ ಡಾಕ್ಟರಿಗೆ ದಾರಿ ತಪ್ಪಬಾರದಲ್ಲ ಎಂದು, ನರ್ಸಮ್ಮ ಕಲಿಸಿದ್ದು.

ಅವತ್ತು ಅಂಚಿನಲ್ಲಿ ಬರೆದದ್ದು ಹೀಗಿದೆ: 'ಏಳೂ ನಲವತ್ತು. ಬಾಗಿಲು ಒದ್ದರು. ಬೈಗುಳ.'

ನನಗೆ ಅವರು ಹಾಳೆ ಬಿಡಿಸಿ ತೋರಿಸಿದರು. ಗೆರೆಯ ಎಡಕ್ಕೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು ನಾಲ್ಕು ದೊಡ್ಡ ಚೌಕ. ನಿಮಿಷಕ್ಕೆ ಎಪ್ಪತ್ತಾರು. ಗೆರೆ ದಾಟಿದ ಎರಡನೆಯ ಬಡಿತಕ್ಕೇ ಮೂರು ಚೌಕ. "ಇಲ್ಲಿ ಬ್ರೇಕ್ ಬಿಡ್ತು." ಬೆರಳು ಮುಂದೆ ಸರಿಯುತ್ತದೆ. ಒಂದಷ್ಟು ದೂರ ಹೋದ ಮೇಲೆ ಎರಡೂವರೆ ಚೌಕ, ಇನ್ನೂ ಕಡಿಮೆ. "ಇಲ್ಲಿಂದ ಓಡಿಸೋ ನರ." ತುದಿಯಲ್ಲಿ ನೂರಿಪ್ಪತ್ತನಾಲ್ಕು. ದೊಡ್ಡ ಡಾಕ್ಟರು ಓದಿದ ತುದಿ.

ಬೈದದ್ದು ಆಕೆಯನ್ನಲ್ಲ, ಇವರನ್ನು. ನೆಗೆದದ್ದು ಆಕೆಯ ಎದೆ. ಒಬ್ಬ ಬಡವನಿಗೆ ಬಿದ್ದ ಬೈಗುಳ ಪಕ್ಕದ ಬಡವಳ ಮೈಯಲ್ಲಿ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನು ಮೆಷಿನ್ನೇ ಗೆರೆ ಗೆರೆಯಾಗಿ ಬರೆದಿಟ್ಟಿದೆ. ನಾವು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಿದ್ದರು?

ನಿಧಾನಣ್ಣ ಹಾಳೆಯನ್ನು ಕತ್ತರಿಸಲಿಲ್ಲ. ಒಂದೂವರೆ ಮೀಟರನ್ನೂ ಮಡಿಸಿ, ಕಡತಕ್ಕೆ ಸಿಕ್ಕಿಸಿ, ಮೇಲಿನ ಕಚೇರಿಗೆ ಕಳಿಸಿದರು.

ಅವರ ಮನೆಗೂ ಹೋಗಿದ್ದೆ. ಒಂದೂವರೆ ಕೋಣೆ. ಹೆಂಡತಿ ಹೊಲಿಗೆ ಮೆಷಿನ್ ಮುಂದೆ ಕೂತು ಶಾಲೆಯ ಸಮವಸ್ತ್ರಕ್ಕೆ ಗುಂಡಿ ಹಾಕುತ್ತಿದ್ದರು. "ಇವರು ಮದುವೆ ಮಂಟಪಕ್ಕೂ ನಿಧಾನವಾಗೇ ಬಂದೋರು," ಎಂದರು. "ನಮ್ಮಪ್ಪನಿಗೆ ಅವತ್ತು ಎದೆ ಎಷ್ಟು ಹೊಡ್ಕೊಂಡಿತ್ತೋ, ಅಳೆಯೋರು ಇರ್ಲಿಲ್ಲ." ನಕ್ಕು ಮುಗಿದ ಮೇಲೆ ದಾರ ಕಚ್ಚಿ ತುಂಡು ಮಾಡುತ್ತಾ ಕೇಳಿದರು: "ಕೆಲಸ ತೆಗೀತಾರೇನಪ್ಪ? ಸರ್ಟಿಫಿಕೇಟ್ ಇಲ್ಲ ಇವರ ಹತ್ರ. ಇಪ್ಪತ್ತೆರಡು ವರ್ಷ ಆದ್ರೂ ಕಾಗದದಲ್ಲಿ ಇನ್ನೂ ನೆಲ ಒರೆಸೋನೇ."

ನಾನು ನಿಧಾನಣ್ಣನ ಕಡೆ ತಿರುಗಿದೆ. ನಿಮಗೆ ಏನಾಗಬೇಕು ಎಂದು ಕೇಳಿದೆ. ಬಡ್ತಿ ಅನ್ನುತ್ತಾರೆ, ಕ್ಷಮೆ ಅನ್ನುತ್ತಾರೆ ಎಂದುಕೊಂಡಿದ್ದೆ.

"ಬೆಂಚು," ಎಂದರು. "ಬೆಂಚು ವಾಪಸ್ ಬಂದ್ರೆ ಸಾಕು. ಮೆಟ್ಟಿಲು ತಣ್ಣಗಿರುತ್ತೆ, ವಯಸ್ಸಾದವರಿಗೆ ಮಂಡಿ ನೋಯುತ್ತೆ."

ಐದನೆಯ ದಿನ ಸಂಜೆ ಮೇಲಿನ ಕಚೇರಿಯ ಕಾಗದ ಬರುತ್ತದೆ. ಅಲ್ಲಿನ ಡಾಕ್ಟರು, ಯಾವ ಪುಣ್ಯಾತ್ಮರೋ, ಹಾಳೆಯನ್ನು ಪೂರಾ ಬಿಡಿಸಿ ನೋಡಿದ್ದಾರೆ. 'ಗೆರೆಯ ಮೊದಲು 76. ನಂತರದ ಏರಿಕೆಗೆ ಕಾರಣ ಅಂಚಿನಲ್ಲಿದೆ. ತಾತ್ಕಾಲಿಕವಾಗಿ ಫಿಟ್. ಅಂಚಿನ ಬರಹ ನಿಜವೇ ಎಂಬುದನ್ನು ಬರೆದವರೇ ಲಿಖಿತವಾಗಿ ತಿಳಿಸಬೇಕು. ನಿಜವಲ್ಲದಿದ್ದರೆ ಈ ಆದೇಶ ರದ್ದು.'

ಮರುದಿನ ಬೆಳ್ಳಂಬೆಳಿಗ್ಗೆ ನಾನು ಮೆಟ್ಟಿಲ ಮೇಲಿದ್ದೆ. ನಿಧಾನಣ್ಣ ತಮ್ಮ ಉತ್ತರವನ್ನು ರಾತ್ರಿಯೇ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ, ಎರಡೇ ಸಾಲು. ಕೇಂದ್ರ ತೆರೆಯುವ ಮುಂಚೆಯೇ ಲಿಫ್ಟಿನ ಬಾಗಿಲು ತೆರೆಯುತ್ತದೆ. ದೊಡ್ಡ ಡಾಕ್ಟರ ಧ್ವನಿ ಈ ಸಲ ಮೆತ್ತಗಿದೆ. ಅದನ್ನು ಕೇಳಿ ನನಗೆ ಇನ್ನೂ ಮೈ ಉರಿಯಿತು. ಇಷ್ಟು ಮೆತ್ತಗೆ ಮಾತಾಡಲು ಬರುತ್ತದೆ ಇವರಿಗೆ!

"ನೋಡು, ಯಾರೂ ಬೈದಿಲ್ಲ, ತಪ್ಪಾಗಿ ಬರೆದೆ ಅಂತ ಕೊಟ್ಬಿಡು. ಇವತ್ತೇ ಬೆಂಚು ತರಿಸ್ತೀನಿ. ನಿಂಗೆ ಬೇಕಾಗಿದ್ದು ಅದೇ ತಾನೆ?" ಅಂಗೈಯಲ್ಲಿ ಸ್ಟೋರಿನ ಕೀಲಿ. ನಿಧಾನಣ್ಣ ಒಂದು ಗಳಿಗೆ ಆ ಕೀಲಿಯನ್ನೇ ನೋಡುತ್ತಾರೆ. ಬೇಗನೆ ಬಂದು ಮೆಟ್ಟಿಲ ಮೇಲೆ ಕೂತ ನಾಲ್ಕಾರು ಜನರೂ ನೋಡುತ್ತಾರೆ. ಅವರಲ್ಲಿ ಒಬ್ಬ ಮುದುಕ ಮಂಡಿ ನೀವಿಕೊಳ್ಳುತ್ತಿದ್ದಾನೆ.

"ಮಾತಾಡಯ್ಯ. ಯಾವಾಗ್ಲೂ ಪೆನ್ಸಿಲಲ್ಲಿ ಬರೆಯೋನು, ಅವತ್ತು ಯಾಕೆ ಅಳಿಸೋಕೆ ಬರದ ಪೆನ್ನಲ್ಲಿ ಬರೆದೆ?"

ನಿಧಾನಣ್ಣ ಜೇಬಿನಿಂದ 'ಅಂಚಿನ ಬರಹ ನಿಜ. ಬರೆದವನು ನಾನೇ' ಎಂಬ ಆ ಎರಡು ಸಾಲಿನ ಕಾಗದ ತೆಗೆದು, ಮೇಲಿನ ಕಚೇರಿಗೆ ಹೋಗುವ ಟಪಾಲಿನ ಬುಟ್ಟಿಗೆ ಹಾಕುತ್ತಾರೆ. ಗೋಡೆಯ ಗಡಿಯಾರದಲ್ಲಿ ಆರೂಕಾಲು. ಕೆಳಗೆ ಗೇಟಿನಲ್ಲಿ ಜನ ಬರುವ ಹೊತ್ತು. ಕೀಲಿ ಹಿಡಿದ ಕೈಯ ಪಕ್ಕದಿಂದ ಸರಿದು, ಕೂತವರ ನಡುವೆ ದಾರಿ ಮಾಡಿಕೊಂಡು, ಅವರು ಎಂಬತ್ತನಾಲ್ಕು ಮೆಟ್ಟಿಲನ್ನು ಒಂದೊಂದಾಗಿ ಇಳಿದು ಹೋಗುತ್ತಾರೆ.